ಸೀನಿಗೆ ಕಾರಣ ಹಾಸಿಗೆಯಲ್ಲಿದೆಯೇ?

‘ಸಾರ್, ಬೆಳಿಗ್ಗೆ ಎದ್ದ ಕೂಡಲೇ ಒಂದರ ಹಿಂದೊಂದು ಸೀನು ಬರುತ್ತದೆ. ಶಾಲೆಗೆ ಬರುವಷ್ಟರಲ್ಲಿ ನಿಂತುಹೋಗುತ್ತದೆ. ಅಮ್ಮ ಮೊಸರು, ಬಾಳೆಹಣ್ಣು ಎರಡನ್ನೂ ಬಿಡಿಸಿದ್ದಾರೆ. ಆದರೂ ಕಡಿಮೆಯಾಗಿಲ್ಲ, ಏಕೆ?’ ಎಂದು ಎಂಟನೇ ತರಗತಿಯ ಹುಡುಗನೊಬ್ಬ ಕೇಳಿದ. ಜ್ವರವಿಲ್ಲದೆ ತಿಂಗಳುಗಟ್ಟಲೆ ಹೀಗೇ ಇದ್ದರೆ ಅದು ಸಾಮಾನ್ಯ ನೆಗಡಿಯಲ್ಲ. ತಪ್ಪು ಮೊಸರಿನದಲ್ಲ, ಹಾಸಿಗೆಯದಿರಬಹುದು.

ಹಾಸಿಗೆ, ದಿಂಬು, ಕಂಬಳಿಗಳಲ್ಲಿ ದೂಳುನುಸಿ ಎಂಬ ಜೀವಿ ವಾಸಿಸುತ್ತದೆ. ಅಕ್ಕಿಗೆ ಹಿಡಿಯುವ ನುಸಿ ಆರು ಕಾಲಿನ ಕೀಟ. ಇದಾದರೋ ಎಂಟು ಕಾಲಿನದು. ಜೇಡ, ಉಣ್ಣೆಗಳ ಬಳಗಕ್ಕೆ ಸೇರಿದ್ದು. ಉದ್ದ ಸುಮಾರು ಕಾಲು ಮಿಲಿಮೀಟರ್. ನಿಮ್ಮ ಸ್ಕೇಲಿನ ಎರಡು ಚಿಕ್ಕ ಗೆರೆಗಳ ನಡುವೆ ನಾಲ್ಕು ನುಸಿಗಳು ಸಾಲಾಗಿ ನಿಲ್ಲಬಹುದು! ನಮ್ಮ ಚರ್ಮದಿಂದ ದಿನವೂ ಉದುರುವ ಹೊಟ್ಟೇ ಇದರ ಆಹಾರ. ಬೇಕಾದ ನೀರನ್ನು ಗಾಳಿಯ ತೇವದಿಂದಲೇ ಹೀರಿಕೊಳ್ಳುತ್ತದೆ. ಆದ್ದರಿಂದ ಕರಾವಳಿ, ಮಲೆನಾಡುಗಳ ಹವೆ ಇದಕ್ಕೆ ಬಲು ಹಿತ.

ಮನೆಯ ದೂಳಿನಿಂದ ಉಬ್ಬಸ ಬರುತ್ತದೆಂಬುದು ಮೊದಲೇ ತಿಳಿದಿತ್ತು. ಆ ದೂಳಿನಲ್ಲಿ ಮುಖ್ಯ ಅಪರಾಧಿ ಈ ನುಸಿಯೆಂದು 1964ರಲ್ಲಿ ತೋರಿಸಿದವರು ಹಾಲೆಂಡಿನ ಲೈಡನ್ ನಗರದ ವಿಜ್ಞಾನಿಗಳಾದ ವೂರ್‌ಹೋರ್ಸ್ಟ್ ಮತ್ತು ಸ್ಪೀಕ್ಸ್‌ಮಾ. ನುಸಿ ನಮ್ಮನ್ನು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ತೊಂದರೆ ಕೊಡುವುದು ಮುಖ್ಯವಾಗಿ ಅದರ ಹಿಕ್ಕೆ. ಅದರಲ್ಲಿ ಆಹಾರ ಜೀರ್ಣಿಸುವ ಕಿಣ್ವಗಳು ಉಳಿದಿರುತ್ತವೆ. ನಾವು ಮಗ್ಗುಲು ಬದಲಿಸಿದಾಗ, ಹಾಸಿಗೆ ಕೊಡವಿದಾಗ ಹಿಕ್ಕೆ ಗಾಳಿಗೇರಿ ಮೂಗು ಸೇರುತ್ತದೆ. ಅಲರ್ಜಿಯ ಪ್ರವೃತ್ತಿ ಇರುವವರ ದೇಹ ಅದನ್ನು ಶತ್ರುವೆಂದು ಬಗೆದು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಬಿಡುತ್ತದೆ. ಆಗ ಸೀನು, ಮೂಗು ಸೋರುವುದು, ಕಣ್ಣಿನ ತುರಿಕೆ, ಕೆಲವರಿಗೆ ಉಬ್ಬಸ.

ಹಾಗಾದರೆ ಕೀಟನಾಶಕ ಸಿಂಪಡಿಸೋಣವೇ? ಖಂಡಿತ ಬೇಡ. ನುಸಿ ಸತ್ತರೂ ಹಿಕ್ಕೆ ಹಾಸಿಗೆಯಲ್ಲೇ ಉಳಿಯುತ್ತದೆ. ಜೊತೆಗೆ ಮಗು ವಿಷದ ಮೇಲೆ ಮಲಗಬೇಕಾಗುತ್ತದೆ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ದೊಡ್ಡವರು ಒಗೆಯಲಿ. ಆ ಶಾಖಕ್ಕೆ ನುಸಿ ಸಾಯುತ್ತದೆ, ನೀರಿನೊಡನೆ ಹಿಕ್ಕೆಯೂ ಹೋಗುತ್ತದೆ. ಹಾಸಿಗೆಯನ್ನು ಸುಡುಬಿಸಿಲಿನಲ್ಲಿ ಒಣಗಿಸಿ, ಹೊರಗೇ ಚೆನ್ನಾಗಿ ಬಡಿದು ಒಳಗೆ ತನ್ನಿ. ನಮ್ಮ ಅಜ್ಜಿಯರು ಮಾಡುತ್ತಿದ್ದುದೂ ಇದನ್ನೇ. ಒಣ ಕಸ ಗುಡಿಸುವುದಕ್ಕಿಂತ ಒದ್ದೆ ಬಟ್ಟೆಯಲ್ಲಿ ಒರೆಸುವುದು ಲೇಸು. ಸೀನುವ ಮಗುವಿಗೆ ಮಾತ್ರ ಈ ಕೆಲಸ ಹಚ್ಚಬೇಡಿ.

ಪೋಷಕರಿಗೊಂದು ಮಾತು. ಎಲ್ಲ ಸೀನಿಗೂ ನುಸಿಯೇ ಕಾರಣವಲ್ಲ. ಅದನ್ನು ನಿರ್ಧರಿಸಬೇಕಾದವರು ವೈದ್ಯರು. ಮಗುವಿಗೆ ಉಬ್ಬಸವಿದ್ದು ಅವರು ಇನ್‌ಹೇಲರ್ ಬರೆದುಕೊಟ್ಟರೆ, ‘ಅಭ್ಯಾಸವಾಗಿಬಿಡುತ್ತದೆ’, ‘ನಾಲ್ಕು ಜನ ಏನೆಂದಾರು’ ಎಂದು ಅದನ್ನು ಬಚ್ಚಿಡಬೇಡಿ. ತೀವ್ರವಾದ ಉಬ್ಬಸ ಪ್ರಾಣಕ್ಕೇ ಎರವಾಗಬಲ್ಲದು.

ಆ ಹುಡುಗನಿಗೆ ನಾನು ಹೇಳಿದ್ದಿಷ್ಟು: ‘ಅಮ್ಮನೊಡನೆ ವೈದ್ಯರಲ್ಲಿಗೆ ಹೋಗು. ಮೊಸರು ಬಿಡಬೇಕೋ ಬೇಡವೋ ಎಂದು ಅವರನ್ನೇ ಕೇಳು. ಹಾಸಿಗೆ ಮಾತ್ರ ಈ ಭಾನುವಾರವೇ ಬಿಸಿಲಿಗೆ ಬರಲಿ.’