ಅಗ್ಗದ ಎಸ್‌ಎಸ್‌ಡಿ ಮತ್ತು ವೇಗದ ಲೆಕ್ಕ

ಕಂಪ್ಯೂಟರ್ ಜೋಡಿಸಲು ಎಸ್‌ಎಸ್‌ಡಿ ಆರಿಸುವಾಗ ಮೊದಲು ಕಣ್ಣಿಗೆ ಬೀಳುವುದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ವೇಗ. ಕೈಯಲ್ಲಿರುವ ಹಣ ಕಡಿಮೆಯಿದ್ದರೆ ಕೊನೆಗೆ ನೋಡಬೇಕಾದ ಅಂಕಿಯೂ ಅದೇ.

ಹಾರ್ಡ್ ಡಿಸ್ಕ್ ನಿಧಾನವಾಗಲು ಮುಖ್ಯ ಕಾರಣ ಕಾಯುವಿಕೆ. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಯಲ್ಲಿ ಬೇಕಾದ ಮಾಹಿತಿ ಹೆಡ್‌ನ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡು ಹಿಡಿಯುತ್ತದೆ. ಹೆಡ್ ಸರಿಯಾದ ಜಾಗಕ್ಕೆ ಸರಿಯುವ ಹೊತ್ತು ಬೇರೆ. ವಿಂಡೋಸ್ ಶುರುವಾಗುವಾಗ ಓದಬೇಕಾದ ಸಣ್ಣ ಸಣ್ಣ ಫೈಲುಗಳು ಲೆಕ್ಕವಿಲ್ಲದಷ್ಟು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಈ ಕಾಯುವಿಕೆ ಸುಮಾರು 0.1 ಮಿಲಿಸೆಕೆಂಡಿಗೆ ಇಳಿಯುತ್ತದೆ. ಯಂತ್ರ ಚುರುಕಾಯಿತು ಅನಿಸುವುದು ಇದರಿಂದಲೇ, ಮತ್ತು ಅಗ್ಗದ ಎಸ್‌ಎಸ್‌ಡಿ ಕೂಡ ಇದನ್ನು ಕೊಡುತ್ತದೆ. ಹಳೆಯ ಬಗೆಯ ಸಾಟಾ ಸಂಪರ್ಕದ ಡ್ರೈವ್ ಸೆಕೆಂಡಿಗೆ ಸುಮಾರು 550 ಮೆಗಾಬೈಟ್ ಓದಿದರೆ ಪಿಸಿಐಇ 4.0 ಸಂಪರ್ಕ ಬಳಸುವ ಎನ್‌ವಿಎಂಇ ಡ್ರೈವ್ 7,000ದವರೆಗೆ ಓದಬಲ್ಲದು. ಹಾಗೆಂದು ಬ್ರೌಸರ್ ಹನ್ನೆರಡು ಪಟ್ಟು ಬೇಗ ತೆರೆದುಕೊಳ್ಳುವುದಿಲ್ಲ. ದೊಡ್ಡ ವಿಡಿಯೊ ಫೈಲುಗಳನ್ನು ದಿನವೂ ಅತ್ತಿತ್ತ ಸಾಗಿಸುವವರಿಗೆ ಮಾತ್ರ ಆ ವ್ಯತ್ಯಾಸ ಕೆಲಸಕ್ಕೆ ಬರುತ್ತದೆ.

ಹಾಗಾದರೆ ಹಣ ಎಲ್ಲಿ ಹಾಕಬೇಕು? ಮೊದಲು ಚಿಪ್ಪಿನ ಬಗೆಗೆ. ಟಿಎಲ್‌ಸಿ ಚಿಪ್ಪು ಒಂದೊಂದು ಕೋಶದಲ್ಲಿ 3 ಬಿಟ್ ಇಡುತ್ತದೆ, ಕ್ಯೂಎಲ್‌ಸಿ 4. ಒಂದೇ ಬಿಟ್ ಹೆಚ್ಚಾದರೂ ಗುರುತಿಸಬೇಕಾದ ವೋಲ್ಟೇಜ್ ಹಂತಗಳು 8ರಿಂದ 16ಕ್ಕೆ ಏರುತ್ತವೆ; ಬರೆಯುವುದು ನಿಧಾನವಾಗುತ್ತದೆ, ಕೋಶ ಬೇಗ ಸವೆಯುತ್ತದೆ. ಈ ಕುಂದನ್ನು ಮರೆಸಲು ತಯಾರಕರು ಸ್ವಲ್ಪ ಭಾಗವನ್ನು ಕೋಶಕ್ಕೆ ಒಂದೇ ಬಿಟ್‌ನಂತೆ ಬಳಸಿ ಕ್ಯಾಶ್ (ಬರೆಯುವುದನ್ನು ಮೊದಲು ಹಿಡಿದಿಡುವ ವೇಗದ ಜಾಗ) ಮಾಡುತ್ತಾರೆ. ಡಬ್ಬಿಯ ಮೇಲಿನ ಬರೆಯುವ ವೇಗ ಆ ಕ್ಯಾಶ್‌ನದು. ಅದು ತುಂಬಿದ ಮೇಲೆ ಕೆಲವು ಕ್ಯೂಎಲ್‌ಸಿ ಡ್ರೈವ್‌ಗಳು ಹಾರ್ಡ್ ಡಿಸ್ಕಿಗಿಂತಲೂ ನಿಧಾನವಾಗಿ ಬರೆಯುತ್ತವೆ. ಡ್ರೈವ್ ಭರ್ತಿಯಾದಷ್ಟೂ ಕ್ಯಾಶ್‌ಗೆ ಸಿಗುವ ಜಾಗ ಸಾಮಾನ್ಯವಾಗಿ ಕುಗ್ಗುತ್ತದೆ. ಆದ್ದರಿಂದ ಬಹುಪಾಲು ಮನೆಬಳಕೆಗೆ ವೇಗದ 500 ಜಿಬಿಗಿಂತ ಸಾಧಾರಣ ವೇಗದ 1 ಟಿಬಿ ಟಿಎಲ್‌ಸಿ ಡ್ರೈವ್ ಒಳ್ಳೆಯ ಆಯ್ಕೆ. ಆಟಗಳನ್ನು ಇಟ್ಟುಕೊಳ್ಳುವುದಕ್ಕಷ್ಟೇ ಬೇಕಾದ ಎರಡನೇ ಡ್ರೈವ್ ಕ್ಯೂಎಲ್‌ಸಿ ಆದರೂ ನಡೆಯುತ್ತದೆ. ಅಲ್ಲಿ ಓದುವ ಕೆಲಸವೇ ಹೆಚ್ಚು.

ಅಗ್ಗದ ಡ್ರೈವ್‌ಗಳಲ್ಲಿ ಡಿರಾಮ್ ಇರುವುದಿಲ್ಲ ಎಂಬ ಆಕ್ಷೇಪವನ್ನು ಡ್ರೈವಿನ ಬಗೆ ನೋಡಿ ತೂಗಬೇಕು. ಯಾವ ಮಾಹಿತಿ ಎಲ್ಲಿದೆ ಎಂಬ ಪಟ್ಟಿಯನ್ನು ಡಿರಾಮ್ ಕೈಗೆಟಕುವಂತೆ ಇಟ್ಟಿರುತ್ತದೆ. ಅದಿಲ್ಲದ ಎನ್‌ವಿಎಂಇ ಡ್ರೈವ್‌ಗಳಲ್ಲಿ ಬಹಳಷ್ಟು ಕಂಪ್ಯೂಟರಿನ ರಾಮ್‌ನಿಂದಲೇ ಸ್ವಲ್ಪ ಭಾಗ ಎರವಲು ಪಡೆಯುತ್ತವೆ. ಸಾಟಾ ಡ್ರೈವ್‌ಗೆ ಆ ಸೌಕರ್ಯವಿಲ್ಲ.

ಬಾಳಿಕೆಯ ಭಯ ಅನೇಕರಲ್ಲಿ ಅಗತ್ಯಕ್ಕಿಂತ ಹೆಚ್ಚು. 1 ಟಿಬಿ ಡ್ರೈವ್‌ಗೆ 600 ಟೆರಾಬೈಟ್ ಬರೆಯುವ ಭರವಸೆಯಿದ್ದರೆ, ದಿನಕ್ಕೆ 20 ಜಿಬಿ ಬರೆದರೂ ಆ ಮಿತಿ ಮುಟ್ಟಲು 80 ವರ್ಷ ಬೇಕು. ಅಷ್ಟರೊಳಗೆ ಡ್ರೈವನ್ನು ನಿಯಂತ್ರಿಸುವ ಚಿಪ್ಪಾದ ಕಂಟ್ರೋಲರ್ ಕೈಕೊಡುವ ಸಂಭವವೇ ಹೆಚ್ಚು. ಹಾಗಾಗಿ 3 ವರ್ಷದ ವಾರಂಟಿಯ ಬದಲು 5 ವರ್ಷದ್ದಕ್ಕೆ ತುಸು ಹೆಚ್ಚು ಕೊಡುವುದು ಸರಿ.

ಎಂ.2 ಆಕಾರದ ಡ್ರೈವ್ ಸಾಟಾ ಆಗಿರಬಹುದು, ಎನ್‌ವಿಎಂಇಯೂ ಆಗಿರಬಹುದು; ಮದರ್‌ಬೋರ್ಡಿನ ಸ್ಲಾಟ್ ಯಾವುದನ್ನು ಒಪ್ಪುತ್ತದೆ ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡಿಯೇ ಕೊಳ್ಳಬೇಕು.