ಕಡಲಾಚೆಯ ದಿಗ್ವ್ರತ

ಜೈನ ಶ್ರಾವಕನಿಗೆ ಹೇಳಿರುವ ಹನ್ನೆರಡು ವ್ರತಗಳಲ್ಲಿ ಅಹಿಂಸೆ, ಸತ್ಯ ಮೊದಲಾದ ಐದು ಅಣುವ್ರತಗಳು ಸುಪರಿಚಿತ. ಅವುಗಳ ಬೆನ್ನಿಗೇ ಬರುವ ದಿಗ್ವ್ರತದ ಹೆಸರು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಹತ್ತು ದಿಕ್ಕುಗಳಿಗೂ ಎಲ್ಲೆಯನ್ನು ಗೊತ್ತುಮಾಡಿಕೊಂಡು, ಬದುಕಿರುವವರೆಗೆ ಅದರಾಚೆಗೆ ಹೋಗೆನೆಂದು ಸಂಕಲ್ಪಿಸುವುದೇ ದಿಗ್ವ್ರತ. ಈ ಎಲ್ಲೆಗೆ ಗುರುತಾಗಬಲ್ಲವುಗಳನ್ನು ಹೆಸರಿಸುವಾಗ ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ನದಿ, ಕಾಡು, ಬೆಟ್ಟ, ನಾಡುಗಳೊಂದಿಗೆ ಕಡಲನ್ನೂ ಸೇರಿಸಿದ್ದಾರೆ. ಹಾಗಾದರೆ ಓದಿಗೆಂದು ಕಡಲು ದಾಟುತ್ತಿರುವ ನಮ್ಮ ಮಕ್ಕಳ ಪಾಲಿಗೆ ಈ ವ್ರತಕ್ಕೆ ಅರ್ಥವಿದೆಯೆ?

ಇದಕ್ಕೆ ಉತ್ತರ ವ್ರತದ ಉದ್ದೇಶದಲ್ಲಿಯೇ ಇದೆ. ಎಲ್ಲೆಯ ಹೊರಗಿನ ಜಗತ್ತಿನಲ್ಲಿ ಶ್ರಾವಕನು ಸೂಕ್ಷ್ಮ ಪಾಪವನ್ನೂ ಮಾಡುವುದಿಲ್ಲವಾದ್ದರಿಂದ ಅಲ್ಲಿಯಮಟ್ಟಿಗೆ ಅವನ ಅಣುವ್ರತಗಳು ಮಹಾವ್ರತದ ಸ್ಥಿತಿಯನ್ನು ಪಡೆಯುತ್ತವೆ ಎಂಬುದು ಆಚಾರ್ಯರ ಅಭಿಪ್ರಾಯ. ಅಂದರೆ ದಿಗ್ವ್ರತವು ಪರದೇಶದ ಮೇಲಿನ ಭಯವಲ್ಲ. ಆಸೆಗೆ ಹಾಕಿಕೊಂಡ ಬೇಲಿ. ಆ ಬೇಲಿ ಎಲ್ಲಿರಬೇಕೆಂಬುದನ್ನು ಶಾಸ್ತ್ರವು ಗಜಕಡ್ಡಿ ಹಿಡಿದು ಅಳೆದು ಕೊಡುವುದಿಲ್ಲ. ಅದನ್ನು ಹಾಕಿಕೊಳ್ಳಬೇಕಾದವನು ವ್ರತಿಯೇ. ಆದ್ದರಿಂದ ನಾವು ಕೇಳಬೇಕಾದದ್ದು ‘ಹೋಗಬಹುದೆ’ ಎಂದಲ್ಲ, ‘ಹೋದಲ್ಲಿ ಯಾವ ಎಲ್ಲೆಯಲ್ಲಿ ಬಾಳಬೇಕು’ ಎಂದು.

ಜರ್ಮನಿಯ ಟ್ಯೂಬಿಂಗೆನ್ ನಗರವನ್ನು ಉದಾಹರಣೆಯಾಗಿ ನೋಡೋಣ. ನೆಕ್ಕಾರ್ ನದಿಯ ದಂಡೆಯ ಈ ಊರಿನಲ್ಲಿ 1477ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವಿದೆ. ಸುಮಾರು 90 ಸಾವಿರ ಜನರಿರುವ ಊರಿನಲ್ಲಿ ವಿದ್ಯಾರ್ಥಿಗಳೇ 25 ಸಾವಿರಕ್ಕೂ ಹೆಚ್ಚು. ಕನ್ನಡಿಗರಿಗೆ ಇದು ತೀರ ಅಪರಿಚಿತ ಊರೂ ಅಲ್ಲ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದ, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಕೊಟ್ಟ ಫರ್ಡಿನೆಂಡ್ ಕಿಟ್ಟೆಲ್ ಅವರು 1903ರಲ್ಲಿ ಕಣ್ಮುಚ್ಚಿದ್ದು ಅಲ್ಲಿಯೇ. 1925ರಲ್ಲಿ ಜೈನಧರ್ಮವನ್ನು ಕುರಿತ ಬೃಹದ್ಗ್ರಂಥವನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಹೆಲ್ಮುತ್ ಫಾನ್ ಗ್ಲಾಸೆನಾಪ್ ಅವರು ಎರಡನೇ ಮಹಾಯುದ್ಧದ ನಂತರ ಪ್ರಾಧ್ಯಾಪಕರಾಗಿದ್ದದ್ದೂ ಅಲ್ಲಿಯೇ. ಜೈನಧರ್ಮವನ್ನು ಅರಿತವರು ಬಾಳಿದ ಊರು ಅದು. ಆದರೆ ಅರಿಯುವುದು ಬೇರೆ, ಆಚರಿಸುವುದು ಬೇರೆ.

ಆಚರಣೆಯ ಕಷ್ಟ ಮೊದಲ ಚಳಿಗಾಲದಲ್ಲಿಯೇ ಎದುರಾಗುತ್ತದೆ. ಹೊತ್ತು ಮುಳುಗುವ ಮುನ್ನ ಉಣ್ಣುವುದು ನಮ್ಮಲ್ಲಿ ತಕ್ಕಮಟ್ಟಿಗೆ ಸುಲಭ. ವರ್ಷವಿಡೀ ಸೂರ್ಯಾಸ್ತದ ವೇಳೆ ಹೆಚ್ಚು ಬದಲಾಗುವುದಿಲ್ಲ. ಟ್ಯೂಬಿಂಗೆನ್ನಿನಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ 9.30ರ ಹೊತ್ತಿಗೆ, ಡಿಸೆಂಬರ್‌ನಲ್ಲಿ ಸಂಜೆ 4.30ಕ್ಕೇ ಕತ್ತಲು. ಆಗ ತರಗತಿ ಇನ್ನೂ ಮುಗಿದಿರುವುದಿಲ್ಲ. ಆ ಸೀಮೆಯ ಮನೆಮಾತಾದ ಸ್ಪೇಟ್ಸ್‌ಲೆ ಎಂಬ ತಿನಿಸಿನ ಹಿಟ್ಟಿಗೆ ಮೊಟ್ಟೆ ಬೆರೆಸುತ್ತಾರೆ. ಆಲೂಗಡ್ಡೆಯಿಲ್ಲದ ಊಟ ಅಪರೂಪ. ಬಸದಿಯಿಲ್ಲ, ಪರ್ವದ ದಿನ ನೆನಪಿಸುವ ಅಜ್ಜಿಯಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ‘ಏನು ಮಾಡಿದೆ’ ಎಂದು ಕೇಳುವವರು ಯಾರೂ ಇಲ್ಲ.

ಇಲ್ಲಿ ಎರಡು ಬಗೆಯ ತಪ್ಪು ಕಾಣುತ್ತದೆ. ಮನೆಯವರು ನಿಷೇಧಗಳ ಉದ್ದನೆಯ ಪಟ್ಟಿ ಕೊಟ್ಟು ಕಳುಹಿಸುತ್ತಾರೆ. ಮಕ್ಕಳು ‘ದೇಶ ಬೇರೆ, ಕಾಲ ಬೇರೆ’ ಎಂದು ಪಟ್ಟಿಯನ್ನೇ ಬದಿಗಿಡುತ್ತಾರೆ. ಇಬ್ಬರೂ ವ್ರತವನ್ನು ಊರಿಗೆ ಸೇರಿದ್ದೆಂದು ಭಾವಿಸಿದ್ದಾರೆ. ಇದರ ಫಲ ಕಾಣಿಸಿಕೊಳ್ಳುವುದು ವಾರಾಂತ್ಯದ ದೂರವಾಣಿ ಕರೆಯಲ್ಲಿ. ‘ಊಟವಾಯಿತೆ? ಏನು ಉಂಡೆ?’ ಎಂಬ ತಾಯಿಯ ಪ್ರಶ್ನೆಗೆ ಮಗ ಸುಳ್ಳು ಹೇಳಬೇಕಾಗುತ್ತದೆ. ಆಹಾರದ ನಿಯಮ ಸಡಿಲವಾದದ್ದಕ್ಕಿಂತ, ಅದನ್ನು ಮುಚ್ಚಿಡಲು ಸತ್ಯಾಣುವ್ರತವನ್ನು ಬಿಟ್ಟುಕೊಟ್ಟದ್ದು ದೊಡ್ಡ ನಷ್ಟ. ಆ ಸುಳ್ಳಿನಿಂದ ಮಗ ಪರದೇಶದಲ್ಲಷ್ಟೇ ಅಲ್ಲ, ತನ್ನ ಮನೆಯೊಳಗೂ ಒಂಟಿಯಾಗುತ್ತಾನೆ.

1888ರಲ್ಲಿ ಕಾನೂನು ಓದಲು ಲಂಡನ್ನಿಗೆ ಹೊರಟ ಮೋಹನದಾಸ ಗಾಂಧಿಯವರ ಪ್ರಸಂಗ ಇಲ್ಲಿ ಸ್ಮರಣೀಯ. ತಾಯಿ ಪುತಲೀಬಾಯಿಯವರ ಅಳುಕನ್ನು ಕಂಡು ಬೇಚರಜೀ ಸ್ವಾಮಿ ಎಂಬ ಜೈನ ಸಾಧುಗಳು ಆ ತರುಣನಿಂದ ಮದ್ಯ, ಮಾಂಸ, ಪರಸ್ತ್ರೀಸಂಗಗಳನ್ನು ತ್ಯಜಿಸುವ ಮೂರು ಪ್ರತಿಜ್ಞೆಗಳನ್ನು ಮಾಡಿಸಿದರು. ಪಟ್ಟಿ ಚಿಕ್ಕದು, ಸ್ಪಷ್ಟವಾದದ್ದು. ಮೊದಮೊದಲು ಅವರು ಸಸ್ಯಾಹಾರವನ್ನು ಪಾಲಿಸಿದ್ದು ತಾಯಿಗೆ ಕೊಟ್ಟ ಮಾತಿಗಾಗಿ. ಅಲ್ಲಿ ಹೆನ್ರಿ ಸಾಲ್ಟ್ ಅವರ ಪುಸ್ತಕವನ್ನು ಓದಿದ ಮೇಲೆ ಅದು ಅವರದೇ ಆಯ್ಕೆಯಾಯಿತು. ಮೊಟ್ಟೆ ಮಾಂಸವಲ್ಲವೆಂಬ ವ್ಯಾಖ್ಯೆಯನ್ನು ಒಪ್ಪಿ ಕೆಲವು ದಿನ ತಿಂದರಾದರೂ, ಪ್ರತಿಜ್ಞೆ ಮಾಡಿಸಿದ ತಾಯಿಯ ಅರ್ಥವೇ ತನಗೆ ಪ್ರಮಾಣವೆಂದು ಮನಗಂಡು ಅದನ್ನೂ ಬಿಟ್ಟರು.

‘ತತ್ತ್ವಾರ್ಥಸೂತ್ರ’ವು ದಿಗ್ವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಕ್ಷೇತ್ರವೃದ್ಧಿಯೂ ಒಂದು, ಲೋಭದಿಂದ ಎಲ್ಲೆಯನ್ನು ಹಿಗ್ಗಿಸಿಕೊಳ್ಳುವುದು. ಅನುಕೂಲಕ್ಕೆ ತಕ್ಕ ವ್ಯಾಖ್ಯೆ ಹುಡುಕುವುದೂ ಇದರ ಸಜಾತಿಯೇ. ಕೊನೆಯ ಅತಿಚಾರ ಸ್ಮೃತ್ಯಂತರಾಧಾನ. ತಾನು ಹಾಕಿಕೊಂಡ ಎಲ್ಲೆಯನ್ನು ಮರೆತುಬಿಡುವುದು. ದಾಟುವುದಷ್ಟೇ ಅಲ್ಲ, ಮರೆಯುವುದೂ ದೋಷವೆಂದ ಸೂತ್ರಕಾರರ ಸೂಕ್ಷ್ಮ ದೊಡ್ಡದು. ಪರದೇಶದಲ್ಲಿ ವ್ರತಗಳು ಒಂದೇ ಏಟಿಗೆ ಮುರಿಯುವುದು ವಿರಳ, ಅವು ಮರೆತುಹೋಗುತ್ತವೆ. ಒಂದು ಮುಹೂರ್ತದ, ಅಂದರೆ 48 ನಿಮಿಷಗಳ ಸಾಮಾಯಿಕಕ್ಕೆ ಇಲ್ಲಿಯೇ ಬೆಲೆ. ಅದು ಮರೆವಿಗೆ ಮದ್ದು, ಒಂಟಿತನಕ್ಕೂ ಮದ್ದು.

ಎಲ್ಲೆಗಳು ಆ ನಾಡಿನಲ್ಲಿಯೂ ಇವೆ. 2024ರಲ್ಲಿ ನಿಗದಿಯಾದಂತೆ ವಿದ್ಯಾರ್ಥಿ ವೀಸಾಕ್ಕಾಗಿ ವರ್ಷಕ್ಕೆ 11,904 ಯೂರೊಗಳನ್ನು ನಿರ್ಬಂಧಿತ ಖಾತೆಯಲ್ಲಿ ಇಡಬೇಕು. ಅದರಿಂದ ತಿಂಗಳಿಗೆ ತೆಗೆಯಬಹುದಾದದ್ದು 992 ಯೂರೊ. ಆ ಸೀಮೆಯ ಮನೆಗಳಲ್ಲಿ ‘ಕೇರ್‌ವೋಖೆ’ ಎಂಬ ಪದ್ಧತಿಯಿದೆ. ಹಂಚಿಕೊಂಡ ಮೆಟ್ಟಿಲನ್ನು ಒಂದೊಂದು ವಾರ ಒಬ್ಬೊಬ್ಬರು ಗುಡಿಸಬೇಕು. ಇವು ಹೊರಗಿನಿಂದ ಬಂದ ಕಟ್ಟಳೆಗಳು, ವ್ರತಗಳಲ್ಲ. ಆದರೆ ‘ಇಷ್ಟರಲ್ಲೇ ಬಾಳುವೆ’ ಎಂದು ಮನಸ್ಸೊಪ್ಪಿದಾಗ ಮೊದಲನೆಯದು ಪರಿಗ್ರಹ ಪರಿಮಾಣದ ಅಭ್ಯಾಸವಾಗುತ್ತದೆ. ಕಾಲಡಿಯ ಹುಳುವನ್ನು ಕಂಡು ಮೆಲ್ಲನೆ ಪೊರಕೆಯಾಡಿಸಿದಾಗ ಎರಡನೆಯದು ಅಹಿಂಸೆಯ ಪಾಠವಾಗುತ್ತದೆ. ಅಡುಗೆಮನೆಯನ್ನು ಹಂಚಿಕೊಂಡವನ ತಟ್ಟೆಯಲ್ಲಿ ಮಾಂಸವಿದ್ದರೆ ಅವನನ್ನು ಕೀಳಾಗಿ ಕಾಣದಿರುವುದೂ ವ್ರತದ ಭಾಗವೇ. ವ್ರತ ನಮ್ಮ ಕಷಾಯವನ್ನು ಕರಗಿಸಲು ಇರುವುದು. ಮಾನಕಷಾಯವನ್ನು ಬೆಳೆಸಲು ಅಲ್ಲ.

ಆದ್ದರಿಂದ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಪಟ್ಟಿಯನ್ನು ಚಿಕ್ಕದು ಮಾಡಲಿ. ಅದನ್ನು ಮಕ್ಕಳೇ ಬರೆಯಲಿ. ಪಾಲಿಸಲಾಗುವ ಎರಡೋ ಮೂರೋ ನಿಯಮಗಳನ್ನು, ಇಷ್ಟು ತಿಂಗಳೆಂದು ಅವಧಿ ಗೊತ್ತುಮಾಡಿ ಸ್ವೀಕರಿಸಲಿ. ಕಾಲಮಿತಿಯುಳ್ಳ ನಿಯಮವನ್ನು ನಮ್ಮ ಆಚಾರ್ಯರು ಒಪ್ಪಿದ್ದಾರೆ. ತಪ್ಪಿದ ದಿನ ಅದನ್ನು ಅಂಜದೆ ಹೇಳಿಕೊಳ್ಳುವಷ್ಟು ಸಲಿಗೆ ಮನೆಯಲ್ಲಿರಲಿ. ದೋಷವನ್ನು ಹೇಳಿಕೊಳ್ಳುವ ಆಲೋಚನೆಯೂ ಧರ್ಮದ ಅಂಗವೇ ತಾನೆ? ಯಾರೂ ನೋಡದ ಊರಿನಲ್ಲಿ ಉಳಿದುಕೊಂಡ ಒಂದು ಚಿಕ್ಕ ನಿಯಮ, ಎಲ್ಲರೂ ನೋಡುವ ಊರಿನಲ್ಲಿ ಪಾಲಿಸಿದ ಹತ್ತು ನಿಯಮಗಳಿಗಿಂತ ಹೆಚ್ಚು ನಮ್ಮದು.