ಬುದ್ಧಿವಾದ ಔಷಧವಲ್ಲ

ಪ್ರಿಯ ಶಿಷ್ಯರೇ, ಬಂಧುಗಳೇ,

ಹಾನಗಲ್ಲಿನಿಂದ, ಶಿಗ್ಗಾಂವಿಯಿಂದ, ಸವಣೂರು, ಹಿರೇಕೆರೂರುಗಳಿಂದ ಈಗಲೂ ನಿಮ್ಮ ದೂರವಾಣಿ ಕರೆಗಳು ಬರುತ್ತವೆ. "ಸರ್, ಹುಡುಗ ಮಂಕಾಗ್ಯಾನ. ನಿಮ್ಮ ಮಾತು ಕೇಳ್ತಾನ, ನಾಲ್ಕು ಬುದ್ಧಿ ಹೇಳ್ರಿ." ನಿಮ್ಮ ವಿಶ್ವಾಸ ದೊಡ್ಡದು. ಆದರೆ ಇನ್ನು ಮುಂದೆ ಈ ಕೆಲಸಕ್ಕೆ ನಾನು ಒಲ್ಲೆ. ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

1999ರಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ, ಯಾರೂ ಇಲ್ಲದಾಗಲೂ ತನಗೆ ಯಾರದೋ ದನಿ ಕೇಳಿಸುತ್ತದೆಂದು ನನ್ನಲ್ಲಿ ಹೇಳಿಕೊಂಡ. ಬಿ.ಎಡ್.ನಲ್ಲಿ ಶೈಕ್ಷಣಿಕ ಮನೋವಿಜ್ಞಾನ ಓದಿದವನೆಂಬ ಅಹಂಕಾರ ನನಗೆ. ಧೈರ್ಯ ಹೇಳಿದೆ, ಗದರಿಸಿದೆ, ಪ್ರಾಣಾಯಾಮ ಕಲಿಸಿದೆ. ಎಂಟು ತಿಂಗಳು ಹೀಗೆಯೇ ಕಳೆದವು. ಕೊನೆಗೆ ಅವನನ್ನು ಪರೀಕ್ಷಿಸಿದ ಮನೋವೈದ್ಯರು ತಂದೆಯನ್ನು ಕೇಳಿದರು: "ಇಷ್ಟು ದಿನ ಎಲ್ಲಿದ್ದಿರಿ?" ಪಕ್ಕದಲ್ಲಿ ನಿಂತಿದ್ದ ನನ್ನ ಹೆಸರನ್ನು ಆ ತಂದೆ ಹೇಳಲಿಲ್ಲ. ಆ ಮೌನವನ್ನು ನಾನಿನ್ನೂ ಮರೆತಿಲ್ಲ.

ಎತ್ತಿಗೆ ಬೇನೆಯಾದರೆ ಪಶುವೈದ್ಯರನ್ನು ಹುಡುಕುವ ನಾವು, ಮಗನ ಮನಸ್ಸು ಕೆಟ್ಟಾಗ ಸಿಕ್ಕಸಿಕ್ಕವರ ಮುಂದೆ ಕೂರಿಸುತ್ತೇವೆ. ನಾಚಿಕೆಯಿಂದ "ನರದ ದೌರ್ಬಲ್ಯ" ಎಂದು ಹೇಳಿ ನರರೋಗ ತಜ್ಞರಲ್ಲಿಗೆ ಒಯ್ಯುತ್ತೇವೆ. ಅವರ ಕ್ಷೇತ್ರ ಮೂರ್ಛೆರೋಗ, ಪಾರ್ಶ್ವವಾಯುಗಳಂಥವು. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋರೋಗ ಚಿಕಿತ್ಸೆಯಲ್ಲಿ ಉನ್ನತ ವ್ಯಾಸಂಗ ಮಾಡಿದವರು. ರೋಗವನ್ನು ಗುರುತಿಸಿ ಔಷಧ ಕೊಡುತ್ತಾರೆ. ಚಿಕಿತ್ಸಾ ಮನೋವಿಜ್ಞಾನಿಗಳು ಔಷಧ ಬರೆಯುವುದಿಲ್ಲ. ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ಅವರದು. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ಕೇಳುವ ಹಕ್ಕು ನಿಮಗಿದೆ. ಆಪ್ತಸಮಾಲೋಚಕರು ಪರೀಕ್ಷೆಯ ಭಯ, ದಾಂಪತ್ಯದ ಬಿರುಕುಗಳಿಗೆ ನೆರವಾದಾರು. ಆದರೆ ಇಲ್ಲದ ದನಿ ಕೇಳುವುದು, ಆಧಾರವಿಲ್ಲದ ಸಂಶಯ, ದಿನಗಟ್ಟಲೆ ನಿದ್ರೆಯಿಲ್ಲದಿರುವುದು, ಸಾಯುವ ಮಾತು, ಇವು ಕಂಡರೆ ಮೊದಲು ಮನೋವೈದ್ಯರಲ್ಲಿಗೇ ಹೋಗಬೇಕು. ದೇವರಿಗೆ ಹರಕೆ ಹೊರಿ, ಬೇಡವೆನ್ನೆ. ಹರಕೆ ತೀರುವವರೆಗೆ ಚಿಕಿತ್ಸೆಯನ್ನು ಮುಂದೂಡಬೇಡಿ.

"ನಮ್ಮ ಕಡೆ ಇದೆಲ್ಲ ಎಲ್ಲಿದೆ ಸರ್?" ಎನ್ನುವಿರಿ. ಜಿಲ್ಲೆಯ ಮಟ್ಟದಲ್ಲೇ ಈ ಚಿಕಿತ್ಸೆ ಸಾಧ್ಯವೆಂದು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿತು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ನಾನು ತಪ್ಪು ಮಾಡಿದಾಗ ಈ ತಿಳಿವಳಿಕೆ ನಾಡಿನಲ್ಲಿತ್ತು, ನನ್ನಲ್ಲಿರಲಿಲ್ಲ. ಆ ಕಾರ್ಯಕ್ರಮದ ಸೇವೆ ಎಂದು, ಎಲ್ಲಿ ಸಿಗುತ್ತದೆಂದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಬಸ್ಸು ಹತ್ತುವ ಮೊದಲು ಯಾರನ್ನು ಕಾಣಬೇಕೆಂದು ತಿಳಿಯಲು 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಉಚಿತ ಟೆಲಿ ಮಾನಸ್ ಸೇವೆಯಲ್ಲಿ ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು.

ಹುಡುಗನನ್ನು ನನ್ನ ಮನೆಗೂ ಕರೆತನ್ನಿ, ಊಟ ಮಾಡಿ ಹೋಗಲಿ. ಆದರೆ ವೈದ್ಯರನ್ನು ಕಂಡ ಮೇಲೆ ಕರೆತನ್ನಿ. ಅವರಲ್ಲಿಗೆ ಹೋಗಲು ಜೊತೆ ಬೇಕಿದ್ದರೆ ಹೇಳಿ, ನಾನೇ ಬರುತ್ತೇನೆ. ನನ್ನಿಂದ ಆಗುವ ಉಪಕಾರ ಅಷ್ಟೇ.

ನಿಮ್ಮ ಹಿತೈಷಿ,
ನಿಮ್ಮ ಮೇಷ್ಟ್ರು